ಅಕ್ಕನ ರಾಜೀನಾಮೆಯ ಕರಡು

ನಮ್ಮಕ್ಕನಿಗೆ ‘ಇಲ್ಲ’ ಅನ್ನಲು ಬರುವುದಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ, ಕೆಲವರಿಗೆ ಸಿಳ್ಳೆ ಹಾಕಲು ಬರುವುದಿಲ್ಲವಲ್ಲ, ಹಾಗೆ. ಯಾರು ಏನು ಕೇಳಿದರೂ ‘ಆಯ್ತು’ ಎಂದುಬಿಡುತ್ತಾಳೆ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಆಯ್ತಕ್ಕ. ಒಮ್ಮೆ ಚಪ್ಪಲಿ ಅಂಗಡಿಯವನು ‘ನಿಮ್ಮ ಅಳತೆ ಇದೇ ಮೇಡಂ’ ಎಂದನೆಂದು ಒಂದು ನಂಬರ್ ಚಿಕ್ಕದಾದ ಚಪ್ಪಲಿಯನ್ನು ಎಂಟು ತಿಂಗಳು ಮೆಟ್ಟಿ ಓಡಾಡಿದಳು. ಅವಳು ಓದುತ್ತಿದ್ದದ್ದು ಫಿಸಿಯೋಥೆರಪಿ. ಪಾದದಲ್ಲಿ ಇಪ್ಪತ್ತಾರು ಮೂಳೆಗಳಿವೆ ಎಂದು ಗೊತ್ತಿತ್ತು, ಅವುಗಳಲ್ಲಿ ಯಾವ್ಯಾವುದು ನೋಯುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತಿದ್ದಳು. ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಮಾತ್ರ ಬರಲಿಲ್ಲ.

ಇಂಥವಳು ಒಂದು ಕೆಲಸ ಬಿಡಲು ಹೊರಟಳು.

ಕೆಲಸ ಸಿಕ್ಕಿದ್ದು ಎರಡನೇ ವರ್ಷದಲ್ಲಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದ ಚೀಟಿಯಿಂದ. ‘ದಿನಕ್ಕೆ ಎರಡು ಗಂಟೆ ಪತ್ರಿಕೆ ಓದಿ ಹೇಳುವವರು ಬೇಕಾಗಿದ್ದಾರೆ. ಉಚ್ಚಾರಣೆ ಸ್ಪಷ್ಟವಾಗಿರಬೇಕು. ಅಭಿಪ್ರಾಯ ಹೇಳಬೇಕಾಗಿಲ್ಲ.’ ಅಕ್ಕನಿಗೆ ಮೂರನೆಯ ವಾಕ್ಯ ಬಹಳ ಹಿಡಿಸಿತು.

ಚೀಟಿ ಅಂಟಿಸಿದವರನ್ನು ಆ ಬೀದಿಯಲ್ಲಿ ಎಲ್ಲರೂ ಪ್ರೂಫ್ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೂವತ್ತಾರು ವರ್ಷ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತು ಪಠ್ಯಪುಸ್ತಕಗಳಿಂದ ಹಿಡಿದು ಔಷಧಿ ಡಬ್ಬಿಯೊಳಗಿನ ಚೀಟಿಯವರೆಗೆ ಅಚ್ಚಾಗುವ ಮೊದಲು ಎಲ್ಲದರ ತಪ್ಪು ತಿದ್ದಿದವರು. ನಿವೃತ್ತಿಯಾದ ಮರುವರ್ಷವೇ ಕಣ್ಣು ಕೈಕೊಟ್ಟಿತು. ಪೂರ್ತಿ ಕುರುಡಲ್ಲ, ನೋಟದ ನಡುಭಾಗ ಅಳಿಸಿಹೋಗಿ ಅಂಚು ಮಾತ್ರ ಉಳಿದಿತ್ತು. ಎದುರಿಗೆ ನಿಂತವರ ಕಿವಿಗಳು ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ‘ಮಾರ್ಜಿನ್ ಉಳಿದಿದೆ, ಮ್ಯಾಟರ್ ಹೋಯ್ತು’ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಮನೆಯಲ್ಲಿ ಹೆಂಡತಿ ಇದ್ದರು. ಅವರ ಕಣ್ಣು ಚೆನ್ನಾಗಿತ್ತು, ಓದು ಬರಹವೂ ಬರುತ್ತಿತ್ತು. ಒಂದು ಅಂಗಡಿಗೆ ಸ್ವೆಟರ್ ಹೆಣೆದು ಕೊಡುತ್ತಿದ್ದರು. ನೀವೇ ಯಾಕೆ ಓದಿ ಹೇಳಬಾರದು ಎಂದು ಅಕ್ಕ ಕೇಳಲಿಲ್ಲ. ಅವರೇ ಮೊದಲ ದಿನ ಬಾಗಿಲಲ್ಲೇ ಹೇಳಿಬಿಟ್ಟರು: “ನೋಡಮ್ಮ, ಮದುವೆಯಾದ ದಿನದಿಂದ ನಾನು ಬಾಯಿ ತೆಗೆದರೆ ಒಂದು ತಪ್ಪು ಹಿಡೀತಾರೆ. ಇನ್ನು ಓದೋಕೂ ಕೂತರೆ ಇಬ್ಬರಲ್ಲಿ ಒಬ್ಬರು ಉಳಿಯೋದು.”

ಕೆಲಸ ಸರಳವಾಗಿತ್ತು. ಸಂಜೆ ನಾಲ್ಕರಿಂದ ಆರು. ಎರಡನೇ ಮಹಡಿ, ಕಿಟಕಿಯ ಪಕ್ಕದ ಮೇಜು, ಮೇಜಿನ ಮೇಲೆ ದಿನಪತ್ರಿಕೆ ಮತ್ತು ಕೆಂಪು ಪೆನ್ನು. ಅಕ್ಕ ಮೊದಲ ಪುಟದಿಂದ ಓದುತ್ತ ಹೋಗಬೇಕು. ತಪ್ಪು ಕಿವಿಗೆ ಬಿದ್ದಾಗ ಮೇಷ್ಟ್ರು ಬೆರಳೆತ್ತುತ್ತಾರೆ. ಅಕ್ಕ ಅಲ್ಲಿ ಕೆಂಪು ಗುರುತು ಹಾಕಬೇಕು. ಕೊನೆಗೆ ಆ ದಿನದ ತಪ್ಪುಗಳನ್ನೆಲ್ಲ ಸೇರಿಸಿ ಸಂಪಾದಕರಿಗೊಂದು ಪತ್ರ. ಅವರು ಹೇಳುವುದು, ಇವಳು ಬರೆಯುವುದು. ಹೀಗೆ ನಾನೂರಕ್ಕೂ ಹೆಚ್ಚು ಪತ್ರ ಹೋಗಿದ್ದವು. ಎರಡು ಅಚ್ಚಾಗಿದ್ದವು. ಎರಡನೆಯದರಲ್ಲಿ ಮೂರು ತಪ್ಪಿದ್ದವು.

ಸೇರುವಾಗಲೇ ಮೇಷ್ಟ್ರು ಒಂದು ಒಪ್ಪಂದ ಬರೆಸಿದ್ದರು. ಅವರು ಹೇಳಿದರು, ಅಕ್ಕನೇ ಬರೆದಳು. ಐದನೇ ಕಲಮು ಹೀಗಿತ್ತು: ‘ಉಭಯರಲ್ಲಿ ಯಾರೇ ಬಿಡುವುದಿದ್ದರೂ ಹದಿನೈದು ದಿನ ಮೊದಲು ಬರಹದ ಮೂಲಕ ತಿಳಿಸತಕ್ಕದ್ದು. ಬರಹವು ದೋಷರಹಿತವಾಗಿರತಕ್ಕದ್ದು.’ ಆಗ ಅಕ್ಕ ಇದನ್ನು ತಮಾಷೆ ಎಂದುಕೊಂಡು ನಕ್ಕಳಂತೆ. ಮೇಷ್ಟ್ರು ನಗಲಿಲ್ಲ.

ಕೊನೇ ವರ್ಷ ಶುರುವಾಗುವ ಹೊತ್ತಿಗೆ ಅವಳ ದಿನ ಹರಿದ ಚೀಲದಂತಾಯಿತು. ಈ ಕಡೆ ಹೊಲಿದರೆ ಆ ಕಡೆ ಸೋರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ, ಒಂದರ ತನಕ ಹೊರರೋಗಿಗಳು, ಎರಡರಿಂದ ಐದು ವಾರ್ಡು. ಇದರ ನಡುವೆ ಮೂವತ್ತು ಜನ ಮುದುಕರು ಮೆಟ್ಟಿಲು ಹತ್ತುವಾಗ ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತಾರೆ ಎಂಬುದರ ಮೇಲೆ ಒಂದು ಪ್ರಾಜೆಕ್ಟು. ಹದಿನೇಳನೇ ಮುದುಕರು ಅಳತೆಯ ಮಧ್ಯದಲ್ಲೇ ‘ಇರು, ಟಾಯ್ಲೆಟ್ಟಿಗೆ ಹೋಗಿ ಬರ್ತೀನಿ’ ಎಂದು ಹೋದವರು ವಾಪಸ್ ಬಂದಿರಲಿಲ್ಲ.

ಅಕ್ಕ ಮೊದಲ ಸಲ ಬಿಡುವ ಮಾತೆತ್ತಿದ್ದು ಒಂದು ಸೋಮವಾರ. “ಸರ್, ಈ ತಿಂಗಳಿಂದ ವಾರ್ಡು ಐದು ಗಂಟೆ ತನಕ ಇರುತ್ತೆ. ಹಾಗಾಗಿ ಸ್ವಲ್ಪ...” ಎಂದಳು. ವಾಕ್ಯ ಮುಗಿಸಲಿಲ್ಲ. ಮುಗಿಯದ ವಾಕ್ಯವನ್ನು ಕಂಡರೆ ಮೇಷ್ಟ್ರಿಗೆ ಸಹಿಸಲಾಗುತ್ತಿರಲಿಲ್ಲ, ಅವರೇ ಮುಗಿಸಿದರು. “ಸ್ವಲ್ಪ ತಡವಾಗಿ ಬರ್ತೀಯ. ಐದೂವರೆಗೆ ಬಾ. ಏಳೂವರೆ ತನಕ ಓದೋಣ.” ಅಕ್ಕ ‘ಆಯ್ತು ಸರ್’ ಎಂದಳು.

ಎರಡನೇ ಸಲ ಇನ್ನೂ ಗಟ್ಟಿ ಮನಸ್ಸು ಮಾಡಿಕೊಂಡು ಹೋದಳು. “ಸರ್, ದಿನಾ ಬರೋದು ಕಷ್ಟ ಆಗ್ತಾ ಇದೆ” ಎಂದಳು. ಮೇಷ್ಟ್ರು ಯೋಚನೆ ಮಾಡಿ, ಕೆಲವು ದಿನ ಬರಲಾಗದಿದ್ದರೆ ಆ ಪತ್ರಿಕೆಗಳನ್ನು ಇಟ್ಟುಕೊಂಡು ಭಾನುವಾರ ಒಟ್ಟಿಗೆ ಓದಬಹುದು ಎಂದರು. ಪಾಪ, ಉಪಾಯ ಅವರ ಮಟ್ಟಿಗೆ ಚೆನ್ನಾಗಿಯೇ ಇತ್ತು. ಕೆಲಸ ಬಿಡಲು ಹೋದವಳು ಭಾನುವಾರವನ್ನೂ ಬರೆದುಕೊಟ್ಟು ಬಂದಳು.

ಅದಾದ ಎರಡು ವಾರಕ್ಕೆ ಮೊಣಚಿಪ್ಪಿನ ಪ್ರಕರಣ ನಡೆಯಿತು. ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿ ನಿಂತು ಬಂದಿದ್ದ ಅಕ್ಕ ಮೂರನೇ ಪುಟ ಓದುತ್ತ ಓದುತ್ತ, ಕಣ್ಣು ತೆರೆದುಕೊಂಡೇ, ಅರೆನಿದ್ದೆಗೆ ಜಾರಿದಳು. “ಹೊಸ ಸೇತುವೆಯ ಮೊಣಚಿಪ್ಪನ್ನು ಸಚಿವರು ಸಾವಿರಾರು ಜನರ ಸಮ್ಮುಖದಲ್ಲಿ ಮೂವತ್ತು ಡಿಗ್ರಿ ಮಡಚಿದರು” ಎಂದು ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದಳು.

ಮೇಷ್ಟ್ರು ಬೆರಳೆತ್ತಿ ಬಹಳ ಹೊತ್ತು ಹಾಗೇ ಹಿಡಿದಿದ್ದರಂತೆ. ಕೊನೆಗೆ, “ಇದು ಅಚ್ಚಿನ ತಪ್ಪಲ್ಲ” ಎಂದರಂತೆ.

ಅವತ್ತು ಅಕ್ಕ ಮನೆಗೆ ಬಂದು, ಬರೆದೇ ಕೊಡುತ್ತೇನೆ ಎಂದಳು. ಬಾಯಲ್ಲಿ ಹೇಳಲು ಹೋದರೆ ಅವಳ ನಾಲಿಗೆ ಅವಳ ಮಾತು ಕೇಳುವುದಿಲ್ಲ, ಕಾಗದವಾದರೆ ತಾನು ಇಲ್ಲದಿರುವಾಗ ತನ್ನ ಪರವಾಗಿ ಮಾತಾಡುತ್ತದೆ ಎಂಬುದು ಅವಳ ಲೆಕ್ಕಾಚಾರ. ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತೆವು. ಅಪ್ಪ ಬಸ್ ಡ್ರೈವರ್. ಅವರಿಗೆ ಎಲ್ಲದಕ್ಕೂ ಸುತ್ತುದಾರಿ ಗೊತ್ತು. “ಹುಷಾರಿಲ್ಲ ಅಂತ ಬರಿ” ಎಂದರು. ಅಮ್ಮ, “ನಾಳೆ ದಾರೀಲಿ ಸಿಕ್ಕಿ ‘ಈಗ ಹೇಗಿದೆ’ ಅಂತ ಕೇಳಿದ್ರೆ ಇವಳು ಅಲ್ಲೇ ಮಲ್ಕೋತಾಳೆ, ಸುಳ್ಳಾಗಬಾರದು ಅಂತ. ಇದ್ದದ್ದು ಇದ್ದ ಹಾಗೆ ಬರಿ” ಎಂದಳು.

ಅಜ್ಜಿ ತನ್ನ ಪಾಲಿನ ಸಹಾಯಕ್ಕೆ ಮುಂದಾದಳು. “ಅಜ್ಜಿ ಸತ್ತಳು ಅಂತ ಬರಿಯೇ. ನನಗೇನೂ ಬೇಜಾರಿಲ್ಲ.”

“ಅದನ್ನ ಹೋದ ವರ್ಷವೇ ಹೇಳಿದೀನಿ ಅಜ್ಜಿ, ಪರೀಕ್ಷೆ ರಜಕ್ಕೆ” ಎಂದಳು ಅಕ್ಕ.

“ಹೌದಾ? ನನಗೆ ಯಾರೂ ಹೇಳಲೇ ಇಲ್ಲ” ಎಂದಳು ಅಜ್ಜಿ.

ಕೊನೆಗೆ ಅಕ್ಕ ಒಬ್ಬಳೇ ಕೂತು, ಆಫೀಸು ಕಾಗದಗಳಲ್ಲಿ ಬರುವಂಥ ದೊಡ್ಡ ದೊಡ್ಡ ಮಾತುಗಳನ್ನು ಆರಿಸಿ ಒಂದು ಪತ್ರ ಬರೆದಳು. ಮಂಗಳವಾರ ಮೇಷ್ಟ್ರ ಮನೆಯ ಮೆಟ್ಟಿಲ ಬುಡದಲ್ಲಿದ್ದ ಅಂಚೆಪೆಟ್ಟಿಗೆಗೆ ಹಾಕಿದಳು. ಅವರ ಮನೆಗೆ ಬರುವ ಅಂಚೆಯನ್ನು ಓದಿ ಹೇಳುವವರು ಯಾರು ಎಂಬುದು ಅವಳಿಗೆ ಹೊಳೆದದ್ದು ಪೆಟ್ಟಿಗೆಯಿಂದ ಕೈ ಹೊರಗೆ ತೆಗೆದ ಮೇಲೆ. ಪೆಟ್ಟಿಗೆಗೆ ಬೀಗ ಇತ್ತು. ಬೀಗದ ಕೈ ಮೇಷ್ಟ್ರ ಹೆಂಡತಿಯ ಹತ್ತಿರ ಇತ್ತು. ಅವರು ಅದಾಗಲೇ ಅಂಚೆ ತೆಗೆದುಕೊಳ್ಳಲು ಮೆಟ್ಟಿಲು ಇಳಿದು ಬರುತ್ತಿದ್ದರು.

“ಬಂದ್ಯಾ? ಇದನ್ನ ಹಿಡ್ಕೊಂಡು ನಡಿ” ಎಂದು ಅಷ್ಟೂ ಅಂಚೆಯನ್ನು ಅಕ್ಕನ ಕೈಗೇ ಕೊಟ್ಟರು.

ಅಕ್ಕ ಮೊದಲು ಕರೆಂಟ್ ಬಿಲ್ಲು ಓದಿದಳು. ಆಮೇಲೆ ವಿಮೆ ಕಂಪನಿಯ ಸೂಚನೆ, ಅದರ ಹಿಂದಿನ ಸಣ್ಣಕ್ಷರದ ನಿಯಮಗಳನ್ನೂ ಬಿಡದೆ. ಆಮೇಲೆ ಉಲ್ಲನ್ ಅಂಗಡಿಯ ಬಣ್ಣಗಳ ಪಟ್ಟಿ, ನಲವತ್ತೆರಡು ಬಣ್ಣ. ಅಷ್ಟು ನಿಧಾನವಾಗಿ ಅವಳು ಯಾವುದನ್ನೂ ಓದಿರಲಿಲ್ಲ.

“ಇನ್ನೂ ಒಂದು ಲಕೋಟೆ ಇರೋ ಹಾಗಿದೆ. ಸದ್ದಾಯ್ತು” ಎಂದರು ಮೇಷ್ಟ್ರು.

ಅಕ್ಕ ಲಕೋಟೆ ಹರಿದಳು. ಗಂಟಲು ಸರಿಮಾಡಿಕೊಂಡು ಓದಿದಳು: “ಮಾನ್ಯರೇ, ತಮ್ಮಲ್ಲಿ ವಿಧ್ಯಾರ್ಥಿನಿಯಾದ ನಾನು ಸವಿನಯವಾಗಿ ಕೇಳಿಕೊಳ್ಳುವುದೇನೆಂದರೆ, ಕೆಲವು ಅನಿವಾರ್ಯ ವೈಯಕ್ತಿಕ ಕಾರಣಗಳಿಂದಾಗಿ ತಮ್ಮ ಅಮೂಲ್ಯ ಸೇವೆಯಿಂದ ಬಿಡುಗಡೆ ಹೊಂದಲು ಇಚ್ಛಿಸುತ್ತೇನೆ. ಇಂತಿ ತಮ್ಮ ವಿಧೇಯ...” ಅಲ್ಲಿಗೆ ನಿಂತಳು.

“ಯಾರ ಸಹಿ?”

“ನಂದೇ ಸರ್.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಪಕ್ಕದ ಕೋಣೆಯಲ್ಲಿ ಹೆಣಿಗೆ ಕಡ್ಡಿಗಳ ಟಿಕ್ ಟಿಕ್ ನಿಂತಿತು. ಬೈಯುತ್ತಾರೋ, ಬೇಸರ ಮಾಡಿಕೊಳ್ಳುತ್ತಾರೋ ಎಂದು ಅಕ್ಕ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ವಿದ್ಯಾರ್ಥಿನಿಗೆ ‘ದ’ ಅಲ್ಪಪ್ರಾಣ” ಎಂದರು ಮೇಷ್ಟ್ರು. “ನೀನು ಮಹಾಪ್ರಾಣ ಹಾಕಿದೀಯ. ಓದೋವಾಗಲೇ ಕೇಳಿಸ್ತು. ಉಸಿರು ಉಳಿಸ್ಕೋ, ಪರೀಕ್ಷೆಗೆ ಬೇಕಾಗುತ್ತೆ.”

“ಸರಿ ಸರ್.”

“‘ತಮ್ಮಲ್ಲಿ ವಿದ್ಯಾರ್ಥಿನಿ’ ಅಂದ್ರೆ ನನ್ನ ಹತ್ರ ಪಾಠ ಕಲೀತಿರೋಳು ಅಂತಾಗುತ್ತೆ. ನಾನು ನಿನಗೆ ಪಾಠ ಹೇಳಿದೀನಾ?”

“ದಿನಾ ಹೇಳ್ತೀರಲ್ಲ ಸರ್.”

“ಅದು ಬೇರೆ. ಮತ್ತೆ ಈ ‘ಅಮೂಲ್ಯ ಸೇವೆ’ ಯಾರದು? ನಿನ್ನದಾದ್ರೆ ನೀನೇ ಹೇಳ್ಕೋಬಾರದು. ನನ್ನದಾದ್ರೆ ನಾನೇನೂ ಸೇವೆ ಮಾಡಿಲ್ಲ. ಬಿಡುಗಡೆ ಅನ್ನೋದು ಜೈಲಿಂದ ಆಗೋದು. ‘ವೈಯಕ್ತಿಕ ಕಾರಣ’ ಅಂದ್ರೆ ಏನು? ನನ್ನ ಮೇಲೆ ಕೋಪಾನಾ?”

“ಅಯ್ಯೋ, ಇಲ್ಲ ಸರ್!” ಎಂದಳು ಅಕ್ಕ.

“ಹಾಗಾದ್ರೆ ತಿದ್ದಿ ಬರ್ಕೊಂಡು ಬಾ. ಐದನೇ ಕಲಮು ಗೊತ್ತಲ್ಲ. ದೋಷರಹಿತವಾಗಿ ಬಂದ ದಿನದಿಂದ ಹದಿನೈದು ದಿನ.”

ಬುಧವಾರ ಅಕ್ಕ ಎರಡನೇ ಕರಡು ಒಯ್ದಳು. ಅದರಲ್ಲಿ ಕಾಗುಣಿತ ಸರಿಯಿತ್ತು, ಒಂದು ವಾಕ್ಯಕ್ಕೆ ಕರ್ತೃಪದ ಇರಲಿಲ್ಲ. ಯಾರು ಬಿಡುತ್ತಿದ್ದಾರೆಂದೇ ಗೊತ್ತಾಗುತ್ತಿಲ್ಲ ಎಂದರು. ಗುರುವಾರ ಮೂರನೆಯದು. ಅದರಲ್ಲಿ ‘ತಮಗೆ ಉಂಟಾಗಬಹುದಾದ ಬಾಧೆಗೆ ವಿಷಾದಿಸುತ್ತೇನೆ’ ಎಂದಿತ್ತು. ತನಗೆ ಬಾಧೆ ಆಗುತ್ತದೆಂದು ಅವಳು ಹೇಗೆ ತೀರ್ಮಾನಿಸಿದಳು ಎಂದು ಕೇಳಿದರು. ಶುಕ್ರವಾರದ ಕರಡಿನಲ್ಲಿ ತಪ್ಪೇ ಇರಲಿಲ್ಲ, ಆದರೆ ಗುರುವಾರದ ತಾರೀಖು ಹಾಗೇ ಉಳಿದಿತ್ತು.

ನಾಲ್ಕು ಕರಡಿಗೆ ನಾಲ್ಕು ದಿನ ಹೋಯಿತು. ಹದಿನೈದು ದಿನದ ಎಣಿಕೆ ಶುರುವೇ ಆಗಲಿಲ್ಲ. ಪ್ರಾಜೆಕ್ಟಿಗೆ ಹದಿನೇಳನೇ ಮುದುಕರ ಜಾಗಕ್ಕೆ ಬೇರೆ ಮುದುಕರನ್ನು ಹುಡುಕಬೇಕಿತ್ತು. ಮನೆಯಲ್ಲಿ ಅಪ್ಪ, “ಅವರು ಬೇಕಂತಲೇ ಎಳೀತಿದಾರೆ ಕಣೇ” ಎಂದರು. ಅಕ್ಕನಿಗೆ ಅಲ್ಲಿಯ ತನಕ ಹಾಗನ್ನಿಸಿರಲಿಲ್ಲ. ಅನ್ನಿಸಿದ ಮೇಲೆ ಕೋಪ ಬರುವುದೆಂದು ಕಾದಳಂತೆ. ಕೋಪ ಬರಲಿಲ್ಲ, ಮೇಷ್ಟ್ರು ದಿನಾ ಐದೂ ಇಪ್ಪತ್ತಕ್ಕೇ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಪೆನ್ನಿನ ಕ್ಯಾಪು ತೆಗೆದಿಟ್ಟು ಕೂತಿರುವುದು ನೆನಪಾಯಿತು. ಇದರಿಂದ ಅವಳ ಕೆಲಸ ಇನ್ನೂ ಕಷ್ಟವಾಯಿತು.

ಶನಿವಾರ ಐದನೇ ಕರಡಿನೊಂದಿಗೆ ಹೋದಳು. ಮೆಟ್ಟಿಲು ಹತ್ತುವಾಗ ಒಂದು ಸಲ ಮನಸ್ಸಿನಲ್ಲೇ ಓದಿಕೊಂಡಳು. ‘ಘನತೆವೆತ್ತ’ ಎಂಬಲ್ಲಿ ಒಂದು ಒತ್ತು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲಿಲ್ಲ. ಒಳಗೆ ಹೋಗಿ ಕೂತವಳು ಕಾಗದವನ್ನು ಚೀಲದಿಂದ ತೆಗೆಯಲೇ ಇಲ್ಲ.

“ಸರ್, ನನಗೆ ಟೈಮಿಲ್ಲ” ಎಂದಳು. “ಪರೀಕ್ಷೆ ಹತ್ರ ಬಂತು. ಈ ತಿಂಗಳ ಕೊನೇ ಶನಿವಾರದ ತನಕ ಬರ್ತೀನಿ. ಆಮೇಲೆ ಬರಲ್ಲ.”

ಹೇಳಿ ಮುಗಿಸಿದ ಮೇಲೆ ಅವಳ ಕಿವಿಗಳು ಬೆಚ್ಚಗಾದವಂತೆ. ಮೇಷ್ಟ್ರಿಗೆ ಕಾಣುತ್ತಿದ್ದದ್ದೂ ಅವೇ.

“ಎಷ್ಟು ವಾಕ್ಯ?” ಎಂದರು ಅವರು.

“ನಾಲ್ಕು ಸರ್.”

“ತಪ್ಪಿಲ್ಲ. ಬರ್ಕೋ. ತಾರೀಖು ಇವತ್ತಿಂದು ಹಾಕು.”

ಅವಳು ಬರೆದಳು. ಮೇಷ್ಟ್ರು ಕಾಗದದ ಕೆಳಗೆ ಅಂದಾಜಿನ ಮೇಲೆ ಸಹಿ ಹಾಕಿದರು. ಸಹಿಯ ಅರ್ಧ ಕಾಗದದ ಮೇಲೆ ಬಿತ್ತು, ಅರ್ಧ ಮೇಜಿನ ಮೇಲೆ. ಆಮೇಲೆ ಎಂದಿನಂತೆ ಮೊದಲ ಪುಟ ಶುರುವಾಯಿತು.

ಅವತ್ತು ಹೊರಡುವಾಗ ಮೇಷ್ಟ್ರ ಹೆಂಡತಿ ಹೆಣಿಗೆಯ ಸಮೇತ ಮೆಟ್ಟಿಲ ತನಕ ಬಂದು ಅಕ್ಕನ ತೋಳು ಹಿಡಿದುಕೊಂಡರು. “ನೀನು ಓದೋ ಹುಡುಗಿ, ಹೋಗ್ಬೇಕಾದ್ದೇ. ಆದರೆ ಒಬ್ಬರನ್ನ ಹುಡುಕಿ ಕೊಟ್ಟು ಹೋಗು. ಇಲ್ಲದಿದ್ರೆ ಈ ಕೊರಳಿಗೇ ಬೀಳೋದು” ಎಂದು ತಮ್ಮ ಕೊರಳು ಮುಟ್ಟಿ ತೋರಿಸಿದರು. ಅಕ್ಕ ‘ಆಯ್ತು’ ಎಂದಳು. ಒಂದೇ ದಿನದಲ್ಲಿ ಎರಡು ಸಲ ಬೇರೆಯವಳಾಗಲು ಯಾರಿಗೂ ಸಾಧ್ಯವಿಲ್ಲ.

ಅವಳು ಹುಡುಕಿದ್ದು ಆಸ್ಪತ್ರೆಯಲ್ಲಿ. ಹೊರರೋಗಿಗಳ ಸಾಲಿನಲ್ಲಿ ಭುಜ ಬಿಗಿದುಕೊಂಡು ಬರುತ್ತಿದ್ದ ಒಬ್ಬ ಹೆಂಗಸಿದ್ದರು. ದೊಡ್ಡ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳಿ ನಿವೃತ್ತರಾದವರು. ಕೈ ಎತ್ತುವ ವ್ಯಾಯಾಮಕ್ಕೆ ಅವರು ಒಂದು, ಎರಡು, ಮೂರು ಎಂದು ಎಣಿಸಲು ಶುರು ಮಾಡಿದರೆ ಅಲ್ಲಿದ್ದ ಅಷ್ಟೂ ರೋಗಿಗಳು ಆ ಎಣಿಕೆಗೆ ತಮ್ಮ ತಮ್ಮ ಕೈಕಾಲು ಎತ್ತುತ್ತಿದ್ದರು. ನಿವೃತ್ತಿಯ ಮೇಲೆ ಮನೆಯಲ್ಲಿ ತಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಅವರ ಕೊರಗು. ದಿನಾ ಎರಡು ಗಂಟೆ ಕಿವಿಗೊಟ್ಟು ಕೇಳುವವರೊಬ್ಬರಿದ್ದಾರೆ ಎಂದು ಅಕ್ಕ ಹೇಳಿದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಪರೀಕ್ಷಾರ್ಥ ಒಂದು ದಿನ ಕರೆದೊಯ್ದಳು. ಆಕೆ ಬೆನ್ನು ನೆಟ್ಟಗೆ ಮಾಡಿ ಕೂತು, ಪತ್ರಿಕೆಯನ್ನು ತೋಳಿನ ದೂರಕ್ಕೆ ಹಿಡಿದು, ಮೊದಲ ಸುದ್ದಿಯನ್ನು ಓದಿದರು. ಓದಿ, ಅದನ್ನೇ ಮತ್ತೊಮ್ಮೆ ಓದಿದರು.

“ಒಂದು ಸಲ ಸಾಕು” ಎಂದರು ಮೇಷ್ಟ್ರು.

“ಒಂದೇ ಸಲ ಹೇಳಿದ್ರೆ ಜನ ಬಸ್ಸು ತಪ್ಪಿಸ್ಕೋತಾರೆ” ಎಂದರು ಆಕೆ.

ಎರಡನೇ ಸುದ್ದಿಯ ಮಧ್ಯದಲ್ಲಿ ಮೇಷ್ಟ್ರು ಬೆರಳೆತ್ತಿದರು. ಆಕೆ ನಿಲ್ಲಿಸಲಿಲ್ಲ. ಮೇಷ್ಟ್ರು ಬೆರಳನ್ನು ಇನ್ನೂ ಮೇಲೆತ್ತಿದರು. “‘ಆಗಮಿಸಲಿದ್ದಾರೆ’ ಅಂತಿರಬೇಕು. ‘ಆಗಮಿಸಲಿದೆ’ ಅಂತ ಓದಿದ್ರಿ. ಬರೋದು ಗವರ್ನರು, ಬಸ್ಸಲ್ಲ.”

“ಮೂವತ್ತೊಂದು ವರ್ಷ ಹೀಗೇ ಹೇಳಿದೀನಿ. ಯಾರೂ ದಾರಿ ತಪ್ಪಿಲ್ಲ.”

“ವ್ಯಾಕರಣ ತಪ್ಪಿದೆ.”

“ವ್ಯಾಕರಣಕ್ಕೆ ಟಿಕೆಟ್ ಇದೆಯಾ?”

ಪಕ್ಕದ ಕೋಣೆಯಿಂದ ಮೇಷ್ಟ್ರ ಹೆಂಡತಿ ಕರೆಯದೆಯೇ ಟೀ ತಂದರು, ಆಕೆಯ ಕಪ್ಪಿಗೆ ಸಕ್ಕರೆ ಎಷ್ಟು ಎಂದು ಕೇಳಿದರು, ಒಂದು ಚಮಚ ಹೆಚ್ಚೇ ಹಾಕಿದರು. ಮೇಷ್ಟ್ರು, ಆಗಲಿ, ಸೋಮವಾರದಿಂದ ಬರಲಿ ಎಂದರು. ಒಪ್ಪಂದ ಬರೆಸಿದರು. ಐದನೇ ಕಲಮಿನಲ್ಲಿ ‘ದೋಷರಹಿತ’ ಎಂಬುದನ್ನು ಆಕೆ ಬರೆಯಲೇ ಇಲ್ಲ. ಓದಿ ಹೇಳುವಾಗ ಸೇರಿಸಿ ಓದಿದರು. ಅಕ್ಕ ಆಕೆಯ ಭುಜದ ಪಕ್ಕದಿಂದ ನೋಡಿದಳು, ಸುಮ್ಮನಿದ್ದಳು.

ಕೊನೇ ಶನಿವಾರ ಮೇಷ್ಟ್ರು, ಪತ್ರಿಕೆ ಬೇಡ, ಬಿಳಿ ಹಾಳೆ ತಗೋ ಎಂದರು. ಅಕ್ಕನಿಗೊಂದು ಅನುಭವ ಪತ್ರ ಕೊಡಬೇಕಿತ್ತು. ಅವರು ಹೇಳಬೇಕು, ಬರೆಯಬೇಕಾದವಳು ಅವಳೇ. ತನ್ನ ಬಗ್ಗೆ ತಾನೇ ಬರೆಯುತ್ತ ಅವಳ ಅಕ್ಷರ ಸೊಟ್ಟಗಾಗಿದ್ದು ಇವತ್ತಿಗೂ ಆ ಹಾಳೆಯಲ್ಲಿ ಕಾಣುತ್ತದೆ. ಪತ್ರ ಹೀಗಿದೆ:

‘ಈ ಪತ್ರವನ್ನು ಬರೆಯುತ್ತಿರುವವರು ನನ್ನ ಬಳಿ ಒಂದು ವರ್ಷ ಹನ್ನೊಂದು ತಿಂಗಳು ಓದುವ ಕೆಲಸ ಮಾಡಿದ್ದಾರೆ. ಹೊತ್ತಿಗೆ ಸರಿಯಾಗಿ ಬಂದಿದ್ದಾರೆ. ಮಹಾಪ್ರಾಣಗಳ ವಿಷಯದಲ್ಲಿ ದುಂದುಗಾರಿಕೆ ಇದೆ. ಒಮ್ಮೆ ನಿದ್ದೆಯಲ್ಲಿ ಓದಿದ್ದಾರೆ, ಉಚ್ಚಾರಣೆ ಸ್ಪಷ್ಟವಾಗಿತ್ತು. ಪುಟದಲ್ಲಿ ಇದ್ದದ್ದನ್ನು ಬಿಟ್ಟು ಓದಿದ್ದು ಒಂದೇ ಸಲ. ಅದು ಒಂದು ಸಾವಿನ ಸುದ್ದಿ. ಅದನ್ನು ದೋಷವೆಂದು ಪರಿಗಣಿಸಿಲ್ಲ.’

ಆ ಕೊನೆಯ ಮೂರು ವಾಕ್ಯಗಳಿಗೆ ಅಕ್ಕ ಪೆನ್ನು ಎತ್ತಿಬಿಟ್ಟಳಂತೆ. ಹಿಂದಿನ ವರ್ಷ, ಒಂದು ದಿನ ಏಳನೇ ಪುಟದಲ್ಲಿ ಒಂದು ಸಣ್ಣ ಫೋಟೋ ಇತ್ತು. ಮೇಷ್ಟ್ರ ಜೊತೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಂಪಾಸಿಟರ್ ತೀರಿಕೊಂಡಿದ್ದರು. ಆತನ ಕತೆಗಳನ್ನು ಮೇಷ್ಟ್ರು ಬಹಳ ಹೇಳುತ್ತಿದ್ದರು. ಅವತ್ತು ಅವರಿಗೆ ಜ್ವರ ಬೇರೆ. ಅಕ್ಕ ಓದಲಾರದೆ ಪುಟ ತಿರುವಿದ್ದಳು, ನಾಳೆ ಹೇಳೋಣವೆಂದು. ಆ ನಾಳೆ ಬರಲಿಲ್ಲ. ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದಳು.

“ಮಾರನೇ ದಿನ ಬೆಳಿಗ್ಗೆ ಅವನ ಮಗ ಫೋನ್ ಮಾಡಿದ್ದ” ಎಂದರು ಮೇಷ್ಟ್ರು. “ಏಳನೇ ಪುಟದಲ್ಲಿ ಹಾಕ್ಸಿದೀವಿ ಅಂದ. ಬರ್ದ್ಯಾ? ಪೂರ್ಣವಿರಾಮ ಹಾಕು.”

ಅಕ್ಕ ಹಾಕಿದಳು. ಅಳು ಬಂತಾ ಎಂದು ನಾನು ಕೇಳಿದ್ದಕ್ಕೆ, ಹಾಳೆ ಒದ್ದೆಯಾದರೆ ಮತ್ತೆ ಬರೆಸುತ್ತಿದ್ದರು, ಅದಕ್ಕೇ ತಡೆದುಕೊಂಡೆ ಎಂದಳು.

ಪರೀಕ್ಷೆ ಆಯಿತು. ಉಳಿದೆಲ್ಲದರಲ್ಲೂ ಪಾಸಾಗಿ ಒಂದರಲ್ಲಿ ಎರಡು ಅಂಕಕ್ಕೆ ಹೋಯಿತು. ಆರು ತಿಂಗಳ ಮೇಲೆ ಅದನ್ನೂ ಕಟ್ಟಿ ಮುಗಿಸಿದಳು. ಈಗ ಊರಿನ ಇನ್ನೊಂದು ತುದಿಯ ಕ್ಲಿನಿಕ್ಕಿನಲ್ಲಿ ಕೆಲಸ. ರೋಗಿಗಳಿಗೆ ದಿನಾ ಇಪ್ಪತ್ತು ಸಲ ಮೊಣಕಾಲು ಮಡಚಿ ಎನ್ನುತ್ತಾಳೆ. ಅವರು ಹತ್ತು ಸಾಕಲ್ಲವಾ ಎಂದರೆ ಮೊದಲು ‘ಆಯ್ತು’ ಅನ್ನುತ್ತಿದ್ದಳಂತೆ. ಈಗ ಹದಿನೈದಕ್ಕೆ ನಿಲ್ಲಿಸಿದ್ದಾಳೆ.

ಕೆಲಸ ಸಿಕ್ಕಿದ ಸುದ್ದಿ ಹೇಳಲು ಒಂದು ಸಂಜೆ ಮೇಷ್ಟ್ರ ಮನೆಗೆ ಹೋದಳು. ಮೆಟ್ಟಿಲ ಬುಡಕ್ಕೇ ಆ ಬಸ್ ನಿಲ್ದಾಣದಾಕೆಯ ಧ್ವನಿ ಕೇಳಿಸುತ್ತಿತ್ತು. ಮೇಷ್ಟ್ರ ಪತ್ರಗಳು ಈಗ ತಿಂಗಳಿಗೆರಡು ಅಚ್ಚಾಗುತ್ತಿದ್ದವು. ಆಕೆ ಅಂಚೆಗೆ ಹಾಕುವುದನ್ನು ಬಿಟ್ಟು ನೇರ ಪತ್ರಿಕೆಯ ಆಫೀಸಿಗೇ ಹೋಗಿ, ಅಲ್ಲಿನ ಕೌಂಟರಿನ ಎದುರು ನಿಂತು ಎರಡೆರಡು ಸಲ ಓದಿ ಬರುತ್ತಿದ್ದರು. ಅವತ್ತು ‘ವಾಯವ್ಯ’ ಎನ್ನುವ ಪದದ ಮೇಲೆ ಇಬ್ಬರಿಗೂ ಜಗಳ ಹತ್ತಿತ್ತು. ಮೇಷ್ಟ್ರು ಅಕ್ಕನ ಕಡೆ ತಿರುಗಿ, “ಬಂದ್ಯಾ, ಕೂತ್ಕೋ, ಇದೊಂದು ಮುಗೀಲಿ” ಎಂದರು.

ಅಕ್ಕ ಅರ್ಧ ಗಂಟೆ ಕೂತಳು. ಟೀ ಕುಡಿದಳು. ಅದು ಮುಗಿಯಲಿಲ್ಲ. ಸುದ್ದಿಯನ್ನು ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿಗೆ ಹೇಳಿ, ಅವರು ಕೊಟ್ಟ ಬೂದು ಬಣ್ಣದ ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟು ಬಂದಳು. ಸ್ವಲ್ಪ ಬೇಜಾರಾಯಿತಂತೆ. ಸ್ವೆಟರಿನ ತೋಳು ಒಂದು ಬೆರಳು ಉದ್ದ ಆಗಿದೆ, ಮಡಚಿ ಹಾಕಿಕೊಳ್ಳುತ್ತಾಳೆ.